ಎಲೆಯ ಒಗರು, ಕಬ್ಬಿಣದ ಕಣ

ಗುಜ್ಜೆಯನ್ನೋ ಬಾಳೆಕಾಯಿಯನ್ನೋ ಕಬ್ಬಿಣದ ಮೆಟ್ಟುಕತ್ತಿಯಲ್ಲಿ ಹೆಚ್ಚುವುದನ್ನು ನೋಡಿದ್ದೀರಲ್ಲ, ಮಕ್ಕಳೇ? ಕತ್ತಿಯ ಅಲಗೂ ಕಪ್ಪು, ಹೆಚ್ಚಿದವರ ಬೆರಳೂ ಕಪ್ಪು! ಸ್ಟೀಲ್ ಚಾಕುವಾದರೆ ಅಷ್ಟು ಕಪ್ಪಾಗದು. ಈ ಕಾಯಿಗಳ ಒಗರಿಗೆ ಕಾರಣ ಪಾಲಿಫಿನಾಲ್ ಎಂಬ ವಸ್ತುಗಳು. ಕಬ್ಬಿಣ ಸಿಕ್ಕಿತೋ, ಅವು ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ. ಆ ಹಿಡಿತದ ಬಣ್ಣವೇ ಕಪ್ಪು.

ಮಂಗಳೂರಿನ ಸುರತ್ಕಲ್‌ನಲ್ಲಿರುವ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯ (ಎನ್‌ಐಟಿಕೆ) ಸಂಶೋಧಕರು ಎಲೆಗಳಲ್ಲಿರುವ ಇಂಥ ವಸ್ತುಗಳನ್ನೇ ಕೆಲಸಕ್ಕೆ ಹಚ್ಚಿದರು. ಮಾವು, ಕಹಿಬೇವು, ಕರಿಬೇವು, ಸಂಪಿಗೆ ಈ ನಾಲ್ಕು ಎಲೆಗಳ ರಸದಿಂದ ಕಬ್ಬಿಣದ ಅತಿ ಸಣ್ಣ ಕಣ, ಅಂದರೆ ನ್ಯಾನೊಕಣ ತಯಾರಿಸಿ, 2016ರಲ್ಲಿ ಅದರ ವಿವರ ಪ್ರಕಟಿಸಿದರು.

ಇಂಥ ಕಣ ಮಾಡುವುದು ಹೇಗೆ? ಎಲೆಯನ್ನು ತೊಳೆದು, ನೀರಿನಲ್ಲಿ ಕಾಯಿಸಿ, ಸೋಸುತ್ತಾರೆ. ಆ ಕಷಾಯವನ್ನು ಕಬ್ಬಿಣದ ಲವಣ ಕರಗಿಸಿದ ನೀರಿಗೆ ಬೆರೆಸುತ್ತಾರೆ. ನೀರು ಕಪ್ಪಗಾಗುತ್ತದೆ. ಕರಗಿದ್ದ ಕಬ್ಬಿಣ ಒಟ್ಟುಗೂಡಿ ಕಣವಾಗತೊಡಗುತ್ತದೆ. ಎಲೆಯ ವಸ್ತುಗಳು ಕಣದ ಮೈಗೆ ಅಂಟಿ ನಿಂತು, ಒಂದು ಕಣ ಇನ್ನೊಂದಕ್ಕೆ ಅಂಟದಂತೆ ತಡೆಯುತ್ತವೆ. ಹಾಗಾಗಿ ಕಣಗಳು ಹೆಚ್ಚು ದೊಡ್ಡವಾಗುವುದಿಲ್ಲ. ಗಾಳಿ ತಾಗಿದಾಗ ಅವುಗಳ ಮೈ ಆಕ್ಸೈಡ್ ಆಗುತ್ತದೆ. ನಮ್ಮ ಮಂಗಳೂರಿನ ಮುರಕಲ್ಲು ಕೆಂಪಾಗಿರುವುದೂ, ಇಲ್ಲಿ 1860ರ ದಶಕದಿಂದ ತಯಾರಾದ ಮಂಗಳೂರು ಹಂಚು ಕೆಂಪಾಗಿರುವುದೂ ಕಬ್ಬಿಣದ ಆಕ್ಸೈಡಿನಿಂದಲೇ!

ಒಂದು ಮಿಲಿಮೀಟರಿನಲ್ಲಿ 10 ಲಕ್ಷ ನ್ಯಾನೊಮೀಟರ್. ಸಾಮಾನ್ಯವಾಗಿ 1ರಿಂದ 100 ನ್ಯಾನೊಮೀಟರ್ ಗಾತ್ರದವನ್ನು ನ್ಯಾನೊಕಣ ಎನ್ನುತ್ತಾರೆ. ಇಷ್ಟು ಸಣ್ಣದಾದರೆ ಏನು ಲಾಭ? ಒಂದು ಸೆಂಟಿಮೀಟರ್ ಘನದ ಆರು ಮುಖಗಳ ಒಟ್ಟು ವಿಸ್ತೀರ್ಣ 6 ಚದರ ಸೆಂಟಿಮೀಟರ್. ಅದನ್ನೇ 10 ನ್ಯಾನೊಮೀಟರಿನ ಘನಗಳಾಗಿ ಕತ್ತರಿಸಿದರೆ ಎಲ್ಲದರ ಮೈ ಸೇರಿ 600 ಚದರ ಮೀಟರ್, ಅಂದರೆ ಏಳು ಬ್ಯಾಡ್ಮಿಂಟನ್ ಅಂಕಣಗಳಿಗಿಂತ ಹೆಚ್ಚು! ಮೈ ಹೆಚ್ಚಿದಷ್ಟೂ ಕೊಳೆ ಹಿಡಿಯಲು ಜಾಗ ಹೆಚ್ಚು.

ಎನ್‌ಐಟಿಕೆಯವರು ಆ ಕಣಗಳನ್ನು ಮನೆಬಳಕೆಯ ಕೊಳಚೆ ನೀರಿಗೆ ಹಾಕಿ ನೋಡಿದರು. ಕಹಿಬೇವಿನದೇ ಮೇಲುಗೈ: ಫಾಸ್ಫೇಟ್ ಶೇಕಡ 98ರಷ್ಟು ಕಡಿಮೆಯಾಯಿತು. ಫಾಸ್ಫೇಟ್ ಕೆರೆ, ನದಿ ಸೇರಿದರೆ ಪಾಚಿ ಹಬ್ಬಿ, ಮೀನುಗಳಿಗೆ ಉಸಿರಾಡಲು ಆಮ್ಲಜನಕ ಸಾಲದಾಗುತ್ತದೆ.

ಇಂಥ ಕಣಗಳ ತಯಾರಿಗೆ ಸೋಡಿಯಂ ಬೊರೋಹೈಡ್ರೈಡ್‌ನಂಥ ವಿಷಕಾರಿ ರಾಸಾಯನಿಕ ಬಳಸುವುದುಂಟು. ಅದರ ಬದಲು ಎಲೆ ಬಂದದ್ದು ಒಳ್ಳೆಯದೇ. ಆದರೆ ಎಲೆಯಿಂದ ಮಾಡಿದ್ದು ಎಂದ ಮಾತ್ರಕ್ಕೆ ಕಣ ನಿರಪಾಯವಲ್ಲ. ಬಳಸಿದ ಮೇಲೆ ಅದನ್ನು ನೀರಿನಿಂದ ತೆಗೆಯಲೇಬೇಕು. ಇನ್ನೊಂದು ತೊಡಕೂ ಇದೆ: ಎಳೆಯ ಎಲೆ, ಬಲಿತ ಎಲೆ, ಮಳೆಗಾಲದ ಎಲೆ, ಬೇಸಿಗೆಯ ಎಲೆ ಇವುಗಳ ರಸ ಒಂದೇ ತೆರನಾಗಿರುವುದಿಲ್ಲ; ಹಾಗಾಗಿ ಪ್ರತಿ ಸಲ ಒಂದೇ ತೆರನ ಕಣ ಸಿಗುವುದು ಕಷ್ಟ.

ಈ ಒಗರಿನ ಆಟವನ್ನು ನೀವೂ ನೋಡಬಹುದು. ತುಕ್ಕು ಹಿಡಿದ ಮೊಳೆಯನ್ನು ದೊಡ್ಡವರ ಸಹಾಯದಿಂದ ವಿನೆಗರ್‌ನಲ್ಲಿ ಎರಡು ದಿನ ನೆನೆಹಾಕಿ; ಪಾತ್ರೆಯ ಬಾಯಿ ಬಿಗಿಯಾಗಿ ಮುಚ್ಚಬೇಡಿ. ಹಾಲಿಲ್ಲದ ಚಹಾ, ಪೇರಳೆ ಎಲೆಯ ಕಷಾಯ, ಮಾವಿನ ಎಲೆಯ ಕಷಾಯ ಬೇರೆ ಬೇರೆ ಲೋಟದಲ್ಲಿಡಿ. ಯಾವುದನ್ನೂ ಕುಡಿಯಬೇಡಿ! ಯಾವ ಲೋಟ ಹೆಚ್ಚು ಕಪ್ಪಾಗಬಹುದೆಂದು ಮೊದಲೇ ಊಹಿಸಿ ಬರೆದಿಡಿ, ಆಮೇಲೆ ಪ್ರತಿಯೊಂದಕ್ಕೂ ಮೊಳೆ ನೆನೆದ ವಿನೆಗರನ್ನು ಅಷ್ಟಷ್ಟೇ ಹನಿ ಹಾಕಿ ನೋಡಿ.