ಬಜ್ಪೆಗೆ ಎಷ್ಟು ದೂರ, ಎಷ್ಟು ಹೊತ್ತು?

ದೂರವನ್ನು ಕಾಲದಿಂದ ಅಳೆಯುವ ರೂಢಿ ನಮಗೆ ಹೊಸತಲ್ಲ. ಊರು ಎಷ್ಟು ದೂರವೆಂದು ಕೇಳಿದವನಿಗೆ ‘ಅರ್ಧ ದಿನದ ದಾರಿ’ ಎಂದು ಹಿರಿಯರು ಹೇಳುತ್ತಿದ್ದರು. ಗಾವುದ, ಹರದಾರಿಗಳ ಲೆಕ್ಕ ಬಲ್ಲವರೂ ಹಾಗೆಯೇ ಹೇಳುತ್ತಿದ್ದುದುಂಟು. ನಡೆಯುವವನಿಗೆ ಬೇಕಾದುದು ಹೊತ್ತು ಮುಳುಗುವ ಮುನ್ನ ತಲಪುವೆನೋ ಇಲ್ಲವೋ ಎಂಬುದಷ್ಟೆ. ವಿಮಾನಯಾತ್ರಿಕನೂ ಕೇಳುವುದು ಇದನ್ನೇ. ಆದರೆ ಆಕಾಶದಲ್ಲಿ ದೂರಕ್ಕೂ ಹೊತ್ತಿಗೂ ಇರುವ ನಂಟು ನಾವು ಎಣಿಸುವಷ್ಟು ನೇರವಲ್ಲ. ನನಗೆ ಪರಿಚಿತವಾದ ಬೆಂಗಳೂರು–ಮಂಗಳೂರು ದಾರಿಯನ್ನೇ ತೆಗೆದುಕೊಳ್ಳುತ್ತೇನೆ.

ದೂರದ ಲೆಕ್ಕ ಸುಲಭ. ಬೆಂಗಳೂರಿನ ಹಳೆಯ ಎಚ್.ಎ.ಎಲ್. ನಿಲ್ದಾಣವೂ ಮಂಗಳೂರಿನ ಬಜ್ಪೆ ನಿಲ್ದಾಣವೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ, 13 ಡಿಗ್ರಿಗೆ ತುಸು ಕೆಳಗೆ. ರೇಖಾಂಶದ ಅಂತರ ಸುಮಾರು 2.78 ಡಿಗ್ರಿ. ಭೂಮಧ್ಯರೇಖೆಯ ಮೇಲೆ 111 ಕಿ.ಮೀ. ಇರುವ ರೇಖಾಂಶದ ಒಂದು ಡಿಗ್ರಿ ಇಲ್ಲಿಗೆ ಬರುವಾಗ ಕುಗ್ಗಿ 108.5 ಕಿ.ಮೀ. ಆಗಿರುತ್ತದೆ. ಗುಣಿಸಿದರೆ 301 ಕಿ.ಮೀ. 2008ರಲ್ಲಿ ಬೆಂಗಳೂರಿನ ನಿಲ್ದಾಣ ದೇವನಹಳ್ಳಿಯ ಬಳಿಗೆ ಹೋದಾಗ ಆಕಾಶದ ಈ ದೂರ ಹೆಚ್ಚಿದುದು ಐದಾರು ಕಿ.ಮೀ. ಮಾತ್ರ. ನೆಲದ ಮೇಲೆ ಅದು ಎಷ್ಟು ಹೆಚ್ಚಿತೆಂಬುದನ್ನು ಜಯನಗರದವರನ್ನು ಕೇಳಬೇಕು!

ಹೊತ್ತಿನ ಲೆಕ್ಕಕ್ಕೆ ದೂರವನ್ನು 300 ಕಿ.ಮೀ. ಎಂದೇ ಇಟ್ಟುಕೊಳ್ಳೋಣ. ಗಂಟೆಗೆ 500 ಕಿ.ಮೀ. ವೇಗದ ವಿಮಾನಕ್ಕೆ ಹೋಗಲು 36 ನಿಮಿಷ, ಹೋಗಿಬರಲು 72. ಈಗ ಗಂಟೆಗೆ 100 ಕಿ.ಮೀ. ಗಾಳಿ ಬೀಸುತ್ತಿದೆ ಎಂದು ಊಹಿಸಿರಿ. ಗಾಳಿ ಬೆನ್ನಿಗಿದ್ದಾಗ ದಾರಿ 30 ನಿಮಿಷಕ್ಕೆ ಮುಗಿಯುತ್ತದೆ. ಎದುರಾದಾಗ 45 ಬೇಕು. ಒಟ್ಟು 75. ಗಾಳಿ ಕೊಟ್ಟುದು ಆರು ನಿಮಿಷ, ಕಸಿದುಕೊಂಡುದು ಒಂಬತ್ತು. ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರಬೇಕಾಗುವುದೇ ಇದಕ್ಕೆ ಕಾರಣ.

ಹಾಗಿದ್ದರೂ ವೇಳಾಪಟ್ಟಿ ಒಂದು ಗಂಟೆಯ ಸುಮಾರನ್ನು ತೋರಿಸುತ್ತದೆ. ನಿಂತ ಜಾಗದಿಂದ ಕದಲಿದ ಕ್ಷಣದಿಂದ, ಇಳಿದ ಮೇಲೆ ಮತ್ತೆ ನಿಲ್ಲುವವರೆಗೆ ಅದರ ಎಣಿಕೆ. ರನ್‌ವೇಯ ತುದಿಗೆ ತೆವಳಬೇಕು, ಸರದಿಗೆ ಕಾಯಬೇಕು. ಗಾಳಿಗೆ ಮುಖಮಾಡಿ ಏರಬೇಕಾದುದರಿಂದ, ಪಶ್ಚಿಮಕ್ಕೆ ಹೊರಟ ವಿಮಾನ ಮೊದಲು ಪೂರ್ವಕ್ಕೆ ಹಾರಿ ತಿರುಗಬೇಕಾಗಬಹುದು. ಕಾಳಿದಾಸನ ಯಕ್ಷ ಮೇಘಕ್ಕೆ, ದಾರಿ ಸುತ್ತಾದರೂ ಉಜ್ಜಯಿನಿಯನ್ನು ನೋಡಿಕೊಂಡು ಹೋಗೆಂದ. ವಿಮಾನಕ್ಕೆ ಅಂಥ ರಸಿಕತೆಯಿಲ್ಲ. ಅದರ ಸುತ್ತುಗಳೆಲ್ಲ ಗಾಳಿಗಾಗಿ, ಮಳೆಗಾಗಿ, ಮುಂದಿರುವ ಇನ್ನೊಂದು ವಿಮಾನಕ್ಕಾಗಿ.

ಬಜ್ಪೆಯಲ್ಲಿ ಇಂಥ ಸುತ್ತಿಗೆ ಬೇರೆಯೇ ತೂಕವಿದೆ. ಅಲ್ಲಿಯ ರನ್‌ವೇ ಗುಡ್ಡದ ನೆತ್ತಿಯ ಮೇಲಿದೆ; ಅದರ ತುದಿಯಾಚೆಗೆ ಕಣಿವೆ. ಆಷಾಢದ ಮಳೆಯಲ್ಲಿ ನೆಲ ಕಾಣದಾದರೆ ವಿಮಾನ ಮೇಲೆಯೇ ಸುತ್ತುತ್ತದೆ, ಕೆಲವೊಮ್ಮೆ ಇಳಿಯದೆ ಬೇರೆ ಊರಿಗೆ ತಿರುಗುತ್ತದೆ. ಅಂಥ ಹೊತ್ತಿನಲ್ಲಿ ಪ್ರಯಾಣಿಕರು ಗಡಿಯಾರ ನೋಡಿಕೊಂಡು ಗೊಣಗುವುದನ್ನು ನಾನು ಕೇಳಿದ್ದೇನೆ. ಘಟ್ಟ ಇಳಿಯುವ ಬಸ್ಸಿಗೆ ಏಳೆಂಟು ಗಂಟೆಯನ್ನು ಮರುಮಾತಿಲ್ಲದೆ ಕೊಡುವ ಜನ ಅವರು.

2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ವಿಮಾನವೊಂದು ಇರಬೇಕಾದುದಕ್ಕಿಂತ ಎತ್ತರದಲ್ಲಿ ಬಜ್ಪೆಯನ್ನು ಸಮೀಪಿಸಿತು. 2,450 ಮೀಟರ್ ಉದ್ದದ ರನ್‌ವೇಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ದಾಟಿದ ಮೇಲೆಯೇ ಅದು ನೆಲ ಮುಟ್ಟಿದುದು. ಕಣಿವೆಗೆ ಉರುಳಿ 158 ಮಂದಿ ಸತ್ತರು, ಉಳಿದವರು ಎಂಟು ಜನ. ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರೋಣವೆಂದು ಸಹಪೈಲಟರು ಮೂರು ಸಲ ಹೇಳಿದ್ದರೆಂದು ತನಿಖೆಯ ವರದಿಯಲ್ಲಿದೆ. ಮೇಲೇರಿ ಒಂದು ಸುತ್ತು ಹಾಕಿ ಬರಲು ಹತ್ತು ಹದಿನೈದು ನಿಮಿಷ ಹಿಡಿಯುತ್ತಿತ್ತು.