ಪ್ರಶಸ್ತಿಗೆ ಅತ್ತಿಮಬ್ಬೆ ಬೇಕು, ತೊಟ್ಟಿಲಿಗೆ ಬೇಡವೇ?

(ರಾಜ್ಯೋತ್ಸವದ ಬೀದಿ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹರೂಪ)



ಅತ್ತಿಮಬ್ಬೆ ಎಂಬ ಹೆಸರನ್ನು ನೀವು ಎಲ್ಲಿ ಕೇಳಿದ್ದೀರಿ? ಶಾಲೆಯ ಪಾಠದಲ್ಲಿ ಕೇಳಿದ್ದೀರಿ. ನಮ್ಮ ರಾಜ್ಯ ಸರ್ಕಾರ ಲೇಖಕಿಯರಿಗೆ ಕೊಡುವ ದಾನಚಿಂತಾಮಣಿ ಅತ್ತಿಮಬ್ಬೆ ಪ್ರಶಸ್ತಿಯ ಸುದ್ದಿಯಲ್ಲಿ ಓದಿದ್ದೀರಿ. ಸಭೆಗಳಲ್ಲಿ ಭಾಷಣಕಾರರು ಅವಳನ್ನು ಹೊಗಳಿದಾಗ ಚಪ್ಪಾಳೆಯನ್ನೂ ತಟ್ಟಿದ್ದೀರಿ. ಆದರೆ ನಿಮ್ಮ ಬೀದಿಯಲ್ಲಿ, ಹೊತ್ತು ಮುಳುಗಿದ ಮೇಲೆ, "ಆಟ ಸಾಕು ಬಾರೇ ಅತ್ತಿಮಬ್ಬೇ" ಎಂದು ಒಬ್ಬ ತಾಯಿ ಕೂಗಿದ್ದನ್ನು ಕೇಳಿದ್ದೀರಾ? ಶಾಲೆಯ ಹಾಜರಿ ಪುಸ್ತಕದಲ್ಲಿ ಆ ಹೆಸರು ಕಂಡಿದ್ದೀರಾ? ಕೈ ಎತ್ತಿ ನೋಡೋಣ. ಯಾರೂ ಇಲ್ಲ! ಕಲ್ಲಿನ ಮೇಲೆ ಹೆಸರಿದೆ, ಪ್ರಶಸ್ತಿ ಫಲಕದ ಮೇಲೆ ಹೆಸರಿದೆ, ಮಕ್ಕಳ ಮೇಲೆ ಮಾತ್ರ ಇಲ್ಲ. ಇದು ಯಾಕೆ ಹೀಗಾಯಿತು ಎಂದು ನಾಲ್ಕು ಮಾತು ಆಡುತ್ತೇನೆ.

ಮೊದಲು ಹೆಸರಿನ ಅರ್ಥ ನೋಡಿ. ಅಬ್ಬೆ ಎಂದರೆ ತಾಯಿ. ಇದು ಅಚ್ಚಗನ್ನಡ ಮಾತು, ಯಾರಿಂದಲೂ ಸಾಲ ತಂದದ್ದಲ್ಲ. ನಿಘಂಟು ತೆರೆಯುವ ಶ್ರಮವೂ ಬೇಡ, ದಕ್ಷಿಣ ಕನ್ನಡ, ಕಾಸರಗೋಡಿನ ಹವ್ಯಕರ ಮನೆಗೆ ಹೋಗಿ ನೋಡಿ, ಇವತ್ತಿಗೂ ಮಕ್ಕಳು ತಾಯಿಯನ್ನು ಅಬ್ಬೆ ಎಂದೇ ಕರೆಯುತ್ತಾರೆ. ಧಾರವಾಡ, ಗದಗ ಕಡೆಯ ಅವ್ವ ಕೂಡ ಇದೇ ಬಳಗದ ಮಾತು. ಇನ್ನು ಅತ್ತಿ ಎಂದೊಡನೆ ನಮಗೆ ನೆನಪಾಗುವುದು ಅತ್ತಿಯ ಮರ. ಹೂ ಕಣ್ಣಿಗೆ ಬೀಳುವುದಿಲ್ಲ, ಹಣ್ಣು ಮಾತ್ರ ಕಾಂಡದ ತುಂಬ ಗೊಂಚಲು ಗೊಂಚಲಾಗಿ ಜೋತಾಡುತ್ತದೆ. ಅಪರೂಪದ ವಸ್ತುವಿಗೆ ಅತ್ತಿಯ ಹೂ ಎನ್ನುವ ಮಾತು ನಮ್ಮಲ್ಲಿದೆಯಲ್ಲ, ಈಗ ಈ ಹೆಸರೂ ಹಾಗೇ ಆಗಿ ಕೂತಿದೆ.

ಒಂದು ಕಾಲಕ್ಕೆ ಇದು ಅಪರೂಪದ ಹೆಸರಿನ ಜಾತಿಯೇ ಅಲ್ಲ! ಸಾವಿರ ವರ್ಷದ ಹಿಂದೆ ಕನ್ನಡ ನಾಡಿನ ಹೆಣ್ಣುಮಕ್ಕಳ ಹೆಸರು ಕೇಳಿ ನೋಡಿ. ಆದಿಕವಿ ಪಂಪನ ತಾಯಿ ಅಬ್ಬಣಬ್ಬೆ. ಅವನ ತಮ್ಮ ಜಿನವಲ್ಲಭ ಹಾಕಿಸಿದ ಶಾಸನ ಈಗಿನ ತೆಲಂಗಾಣದ ಕುರಿಕ್ಯಾಲದ ಬಂಡೆಯ ಮೇಲಿದೆ. ರನ್ನನ ತಾಯಿ ಅಬ್ಬಲಬ್ಬೆ. ಶಿವಮೊಗ್ಗ ಜಿಲ್ಲೆಯ ಬಂದಳಿಕೆಯ ಶಾಸನ ಹೇಳುವ ಜಕ್ಕಿಯಬ್ಬೆ ಹತ್ತನೆಯ ಶತಮಾನದ ಆರಂಭದಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ, ಗಂಡ ತೀರಿದ ಮೇಲೆ ನಾಗರಖಂಡ ಎಪ್ಪತ್ತರ ಆಡಳಿತವನ್ನೇ ನಡೆಸಿದವಳು. ಹೆಗ್ಗಡದೇವನಕೋಟೆ ಸೀಮೆಯ ಬೆಳತೂರಿನ 1057ರ ಶಾಸನದಲ್ಲಿ ದೇಕಬ್ಬೆ ಇದ್ದಾಳೆ. ಕವಿಯ ತಾಯಿಗೂ ಅದೇ, ನಾಡಾಳಿದವಳಿಗೂ ಅದೇ. ಹನ್ನೆರಡನೆಯ ಶತಮಾನಕ್ಕೆ ಬನ್ನಿ, ಶರಣರ ನಡುವೆ ಗೊಗ್ಗವ್ವೆ, ಕದಿರ ರೆಮ್ಮವ್ವೆ ಕಾಣುತ್ತಾರೆ. ಅಬ್ಬೆ ಅವ್ವೆ ಆಯಿತು, ಅಷ್ಟೇ. "ಅದು ಜೈನರ ಹೆಸರು ಸಾರ್, ನಮಗೆ ಒಗ್ಗುವುದಿಲ್ಲ" ಎನ್ನುವವರು ಇದನ್ನು ಕಿವಿಗೊಟ್ಟು ಕೇಳಬೇಕು. ಅಬ್ಬೆಗೆ ಮತದ ಬೇಲಿ ಇರಲಿಲ್ಲ. ನೂಲುವ ಕಾಯಕದ ರೆಮ್ಮವ್ವೆಗೂ ಅದು ಒಗ್ಗಿತ್ತು. ಚಿತ್ರದುರ್ಗದ ಓಬವ್ವನ ತನಕ ಆ ಸಾಲು ಬಂದಿದೆ.

ಈಗ ಆ ಹೆಸರಿನ ಒಡತಿಯ ವಿಷಯ. ಕಲ್ಯಾಣದ ಚಾಲುಕ್ಯ ಅರಸ ತೈಲಪನ ಕಾಲ. ಮಲ್ಲಪನ ಮಗಳು ಅತ್ತಿಮಬ್ಬೆ, ತಂಗಿ ಗುಂಡಮಬ್ಬೆ. ಇಬ್ಬರನ್ನೂ ದಲ್ಲಪನ ಮಗ ನಾಗದೇವನಿಗೆ ಕೊಟ್ಟರು. ನಾಗದೇವ ಸತ್ತಾಗ ತಂಗಿ ಚಿತೆ ಏರಿದಳು. ಅಕ್ಕ ಏರಲಿಲ್ಲ. ಮಗ ಅಣ್ಣಿಗದೇವ ಚಿಕ್ಕವನು, ಅವನನ್ನು ಬೆಳೆಸಬೇಕು ಎಂದು ಉಳಿದಳು. ಆ ಕಾಲದಲ್ಲಿ ಹೀಗೆ ಉಳಿಯುವುದಕ್ಕೆ ಎಷ್ಟು ಗುಂಡಿಗೆ ಬೇಕು, ನೀವೇ ಯೋಚಿಸಿ.

ಉಳಿದವಳು ಏನು ಮಾಡಿದಳು? 1500 ಜಿನಬಿಂಬಗಳನ್ನು ಮಾಡಿಸಿ ಹಂಚಿದಳು ಎನ್ನುತ್ತಾರೆ. ಗದಗಿನ ಪಕ್ಕದ ಲಕ್ಕುಂಡಿಯಲ್ಲಿ ಬ್ರಹ್ಮ ಜಿನಾಲಯ ಕಟ್ಟಿಸಿದಳು, 1007ರ ಶಾಸನ ಅಲ್ಲೇ ಇದೆ, ಹೋಗಿ ನೋಡಬಹುದು. ಇದೆಲ್ಲ ದೊಡ್ಡದೇ. ಆದರೆ ಕನ್ನಡದ ಕೆಲಸ ಮಾಡುವ ನಮಗೆ ಎಲ್ಲಕ್ಕಿಂತ ದೊಡ್ಡದು ಇನ್ನೊಂದು. ಅವಳ ತಂದೆ ಮಲ್ಲಪ, ಚಿಕ್ಕಪ್ಪ ಪೊನ್ನಮಯ್ಯ ಸೇರಿ ಪೊನ್ನ ಕವಿಯಿಂದ ಶಾಂತಿಪುರಾಣ ಬರೆಸಿದ್ದರು. ಆ ಪುಸ್ತಕದ 1000 ಪ್ರತಿಗಳನ್ನು ಅತ್ತಿಮಬ್ಬೆ ಮಾಡಿಸಿ ಹಂಚಿದಳು! ಅಚ್ಚುಕೂಟ ಇಲ್ಲದ ಕಾಲ ಬಂಧುಗಳೇ. ತಾಳೆಗರಿ ತಂದು, ಹದ ಮಾಡಿ, ಕಂಠದ ಮೊನೆಯಲ್ಲಿ ಒಂದೊಂದು ಅಕ್ಷರ ಕೊರೆಸಬೇಕು. ಬರೆಯುವವರ ಊಟ, ಬಟ್ಟೆ, ಸಂಬಳ ಎಲ್ಲ ನೋಡಿಕೊಳ್ಳಬೇಕು. ಇವತ್ತು ಯಂತ್ರ ಒತ್ತಿದರೆ ಗಂಟೆಗೆ ಸಾವಿರ ಹಾಳೆ ಉದುರುತ್ತದೆ, ಆದರೂ ಒಂದು ಕನ್ನಡ ಕವನ ಸಂಕಲನವನ್ನು ಸಾವಿರ ಪ್ರತಿ ಹಾಕಲು ನಮ್ಮ ಪ್ರಕಾಶಕರು ಹತ್ತು ಸಲ ಯೋಚಿಸುತ್ತಾರೆ. ಪುಸ್ತಕ ಉಳಿಯಬೇಕಾದರೆ ಅದು ಹಲವು ಕೈಗೆ ಹೋಗಬೇಕು ಎಂದು ಅವಳು ಆಗಲೇ ಕಂಡುಕೊಂಡಿದ್ದಳು.

ರನ್ನ 993ರಲ್ಲಿ ಅಜಿತಪುರಾಣ ಬರೆದದ್ದು ಅವಳ ಆಶ್ರಯದಲ್ಲೇ. ಅವನು ಮುಧೋಳದ ಬಳೆಗಾರರ ಮಗ, ಅರಮನೆಯಲ್ಲಿ ಹುಟ್ಟಿದವನಲ್ಲ. ಓದಿಗಾಗಿ ಶ್ರವಣಬೆಳಗೊಳದ ಕಡೆಗೆ ಹೋದಾಗ ಚಾವುಂಡರಾಯ ಕೈಹಿಡಿದ, ಆಮೇಲೆ ಅತ್ತಿಮಬ್ಬೆ ಆದರಿಸಿದಳು. ರನ್ನ ಆ ಋಣವನ್ನು ಪದ್ಯದಲ್ಲಿ ಹೊಗಳಿ ಸುಮ್ಮನಾಗಲಿಲ್ಲ. ಮಗನಿಗೆ ರಾಯ ಎಂದೂ ಮಗಳಿಗೆ ಅತ್ತಿಮಬ್ಬೆ ಎಂದೂ ಹೆಸರಿಟ್ಟ! ದಿನಕ್ಕೆ ಹತ್ತು ಸಲ ಮನೆಯೊಳಗೆ ಆ ಹೆಸರು ಕೂಗಬೇಕಲ್ಲ, ಅದಕ್ಕಿಂತ ದೊಡ್ಡ ಪ್ರಶಸ್ತಿ ಯಾವ ಸರ್ಕಾರ ಕೊಟ್ಟೀತು?

ಹಾಗಾದರೆ ನಮಗೆ ಏನಾಯಿತು? ಮೊದಲು ಅಬ್ಬೆ, ಅವ್ವ ಎಂದರೆ ಹಳ್ಳಿಗರ ಹೆಸರು ಎಂಬ ಕೀಳರಿಮೆ ಬಂತು. ಜೈ ಕನ್ನಡಾಂಬೆ ಎಂದು ಗಂಟಲು ಹರಿಯುವಂತೆ ಕೂಗುವ ನಾವೇ ಅಬ್ಬೆ ಎಂದರೆ ಮುಖ ಸಿಂಡರಿಸುತ್ತೇವೆ. ಮಲ್ಲವ್ವ ಪಟ್ಟಣಕ್ಕೆ ಬಂದು ಮಲ್ಲಿಕಾ ಆದಳು. ಆಮೇಲೆ ಸಿನಿಮಾದ ಹೆಸರು ಬಂದವು, ಈಗ ಮೊಬೈಲಿನಲ್ಲಿ ಹುಡುಕಿ ತೆಗೆದ ಎರಡಕ್ಷರದ ಹೆಸರು. ಅರ್ಥವೇನಮ್ಮ ಎಂದರೆ ತಂದೆ ತಾಯಿ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಸಂಸ್ಕೃತದ ಹೆಸರು ಇಡಬೇಡಿ ಎಂದು ನಾನು ಹೇಳುತ್ತಿಲ್ಲ. ಅವೂ ನಮ್ಮ ಬಾಯಲ್ಲಿ ನುರಿತು ಕನ್ನಡವಾಗಿವೆ. ಕನ್ನಡದ ಹೆಸರು ಒಂದೇ ನಾಚಿಕೆಯದು ಎನ್ನುವುದು ಯಾವ ನ್ಯಾಯ?

ಹೋದ ಸಲ ಇದೇ ಮಾತು ಆಡಿದಾಗ ಒಬ್ಬ ತಾಯಿ ಎದ್ದು ನಿಂತು ಕೇಳಿದರು: "ನೀವು ಭಾಷಣ ಮಾಡಿ ಹೋಗುತ್ತೀರಿ ಅಣ್ಣ, ಶಾಲೆಯಲ್ಲಿ ಹುಡುಗರು ಅಬ್ಬೇಪಾರಿ ಎಂದು ಅಣಕಿಸಿದರೆ ಅಳುವವಳು ನನ್ನ ಮಗಳು." ಅವರ ಮಾತು ಸುಳ್ಳಲ್ಲ. ನಮ್ಮ ಅಭಿಮಾನದ ಭಾರವನ್ನು ಆರು ವರ್ಷದ ಕೂಸಿನ ತಲೆಗೆ ಹೊರಿಸಿ ನಾವು ಮನೆಗೆ ಹೋಗುವುದು ತರವಲ್ಲ. ಆದ್ದರಿಂದ ಇಡುವವರು ಧೈರ್ಯವಾಗಿ ಇಡಿ, ಇಟ್ಟ ಮೇಲೆ ಅದೇ ಹೆಸರಿನಿಂದ ಕರೆಯಿರಿ, ಮನೆಯಲ್ಲಿ ಪಿಂಕಿ ಎಂದು ಕೂಗಿ ಕಾಗದದಲ್ಲಿ ಮಾತ್ರ ಅತ್ತಿಮಬ್ಬೆ ಎಂದು ಬರೆಸಬೇಡಿ. ಉದ್ದವಾಯಿತೇ? ಅತ್ತಿಮ ಎನ್ನಿ. ಕಿವಿಗೆ ಯಾವ ಹೊಸ ಹೆಸರಿಗಿಂತ ಕಡಿಮೆ? ಮತ್ತು ಸಾವಿರ ಪುಸ್ತಕದ ಕಥೆಯನ್ನು ಮಗು ಶಾಲೆಗೆ ಸೇರುವ ಮೊದಲೇ ಹೇಳಿಕೊಡಿ. ಅಣಕಿಸಿದವನಿಗೆ ಏನು ಉತ್ತರ ಕೊಡಬೇಕೆಂದು ಅವಳಿಗೆ ಗೊತ್ತಿರಲಿ. ಮೇಷ್ಟ್ರುಗಳೇ, ನಿಮ್ಮ ತರಗತಿಗೆ ಅಂಥ ಮಗು ಬಂದರೆ ಮೊದಲ ದಿನವೇ ಆ ಪಾಠ ಮಾಡಿ.

ಇನ್ನು ಕಾಗದದ ವಿಷಯ, ಇದು ಮುಖ್ಯ. ನಮ್ಮ ಹೆಸರುಗಳು ಅರ್ಧ ಹಾಳಾಗುವುದು ಗುಮಾಸ್ತರ ಮೇಜಿನ ಮೇಲೆ. ಇಂಗ್ಲಿಷ್ ಅಕ್ಷರದಲ್ಲಿ ತಕಾರಕ್ಕೂ ಟಕಾರಕ್ಕೂ ಭೇದವಿಲ್ಲ. ಅತ್ತಿಮಬ್ಬೆ ಅಟ್ಟಿಮಬ್ಬೆ ಆಗಿ, ಒಂದು ಬಕಾರ ಉದುರಿ ಅಟಿಮಬೆ ಆಗುತ್ತಾಳೆ. ಮಗು ಹುಟ್ಟಿದಾಗ ಹೆಸರು ಇನ್ನೂ ಗೊತ್ತಾಗಿಲ್ಲ ಎಂದು ಅವಸರಕ್ಕೆ ಏನೋ ಒಂದು ಬರೆಸಬೇಡಿ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಹೆಸರಿಲ್ಲದೆಯೇ ಜನನ ನೋಂದಾಯಿಸಬಹುದು. ಹೆಸರನ್ನು 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು, ಆಮೇಲೂ 15 ವರ್ಷದ ತನಕ ಶುಲ್ಕ ಕಟ್ಟಿ ಸೇರಿಸಬಹುದು. ಹೆಸರನ್ನು ಕನ್ನಡದಲ್ಲಿ ನೀವೇ ದುಂಡಗೆ ಬರೆದುಕೊಡಿ. ಇಂಗ್ಲಿಷಿನಲ್ಲೂ ಕೇಳಿದರೆ ಎರಡು ಬಿ ಬಿಡದಂತೆ ನೀವೇ ಬರೆಯಿರಿ, ಅವರ ಊಹೆಗೆ ಬಿಡಬೇಡಿ. ಪ್ರಮಾಣಪತ್ರ ಕೈಗೆ ಬಂದ ಕೂಡಲೇ ಮಡಚಿ ಜೇಬಿಗೆ ಹಾಕಿಕೊಳ್ಳದೆ ಅಲ್ಲೇ ನಿಂತು ಅಕ್ಷರ ಅಕ್ಷರ ಓದಿ. ತಪ್ಪಿದ್ದರೆ ಅದೇ ದಿನ ತಿದ್ದುಪಡಿಗೆ ಅರ್ಜಿ ಕೊಟ್ಟು ಬನ್ನಿ.