ಮಣ್ಣಿನ ಫಿಲ್ಟರ್: ಏನನ್ನು ತಡೆಯುತ್ತದೆ, ಏನನ್ನು ತಡೆಯದು



ವಾಂತಿ-ಭೇದಿ, ಟೈಫಾಯಿಡ್, ಕಾಮಾಲೆಗಳು ಕೆಟ್ಟ ನೀರಿನಿಂದ ಹರಡುತ್ತವೆ. ಗುಣವಾಗಿ ಮನೆಗೆ ಹೋದ ಮೇಲೂ ಅದೇ ನೀರು ಕುಡಿದರೆ ಮನೆಯವರಿಗೆಲ್ಲ ತೊಂದರೆ. ಆದ್ದರಿಂದ ಕಡಿಮೆ ಖರ್ಚಿನ ಮಣ್ಣಿನ ಫಿಲ್ಟರ್ ಬಗ್ಗೆ ಈ ದಿನ ತಿಳಿದುಕೊಳ್ಳೋಣ.

ಇದನ್ನು ತಯಾರಿಸುವುದು ಹೇಗೆ? ಒಣಗಿದ ಜೇಡಿಮಣ್ಣನ್ನು ಪುಡಿ ಮಾಡಿ, ಜರಡಿ ಹಿಡಿದ ಭತ್ತದ ಹೊಟ್ಟು ಅಥವಾ ಮರದ ಹೊಟ್ಟನ್ನು ಬೆರೆಸಿ, ನೀರು ಹಾಕಿ ನಾದುತ್ತಾರೆ. ಅಚ್ಚಿನಲ್ಲಿ ಒತ್ತಿ ಕುಂಡದ ಆಕಾರ ಕೊಟ್ಟು, ಒಣಗಿಸಿ, ಸುಮಾರು 850-900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಡುತ್ತಾರೆ. ಹೊಟ್ಟು ಉರಿದುಹೋದ ಜಾಗದಲ್ಲಿ ಕಣ್ಣಿಗೆ ಕಾಣದ ರಂಧ್ರಗಳು ಉಳಿಯುತ್ತವೆ. ನೀರು ಅವುಗಳ ಮೂಲಕ ಜಿನುಗುವಾಗ ಕೆಸರು ಮತ್ತು ಬಹುಪಾಲು ಬ್ಯಾಕ್ಟೀರಿಯಾ ಹಿಂದೆ ಉಳಿಯುತ್ತವೆ. 1981ರಲ್ಲಿ ಗ್ವಾಟೆಮಾಲಾದ ಫರ್ನಾಂಡೋ ಮಸಾರಿಯೆಗೋಸ್ ರೂಪಿಸಿದ ಇಂತಹ ಕುಂಡಕ್ಕೆ ಬೆಳ್ಳಿಯ ಸೂಕ್ಷ್ಮ ಕಣಗಳನ್ನೂ ಲೇಪಿಸುತ್ತಾರೆ. ನಮ್ಮ ದೇಶದಲ್ಲಿ ಭುವನೇಶ್ವರದ ಸರ್ಕಾರಿ ಪ್ರಯೋಗಾಲಯವು ಕೆಂಪು ಜೇಡಿಮಣ್ಣು, ಮರಳು, ಮರದ ಹೊಟ್ಟಿನಿಂದ ‘ಟೆರಾಫಿಲ್’ ಬಿಲ್ಲೆಯನ್ನು ರೂಪಿಸಿದೆ.

ಬಳಸುವಾಗ ಇವನ್ನು ನೆನಪಿಡಿ:

• ಕುಂಡದಿಂದ ಗಂಟೆಗೆ ಒಂದೆರಡು ಲೀಟರ್ ಮಾತ್ರ ಇಳಿಯುತ್ತದೆ. ಇದ್ದಕ್ಕಿದ್ದಂತೆ ವೇಗವಾಗಿ ಇಳಿದರೆ ಬಿರುಕು ಬಿಟ್ಟಿರಬಹುದು, ಬದಲಾಯಿಸಿ.
• ಹರಿವು ನಿಧಾನವಾದರೆ ಶುದ್ಧ ನೀರಿನಲ್ಲಿ ಮೃದುವಾದ ಬ್ರಷ್‌ನಿಂದ ಉಜ್ಜಿ. ಕುಂಡಕ್ಕೆ ಸೋಪು ಹಾಕಬೇಡಿ.
• ಸೋಸಿದ ನೀರಿಗೆ ಕೈ, ಲೋಟ ಅದ್ದಬೇಡಿ; ನಲ್ಲಿಯಿಂದಲೇ ಹಿಡಿಯಿರಿ.
• ಕಾಮಾಲೆಯ ವೈರಾಣು ಈ ರಂಧ್ರಗಳಿಗಿಂತ ಬಹಳ ಚಿಕ್ಕದು. ಊರಿನಲ್ಲಿ ಕಾಮಾಲೆ ಇದ್ದಾಗ ಸೋಸಿದ ನೀರನ್ನೂ ಚೆನ್ನಾಗಿ ಕುದಿಸಿ ಆರಿಸಿ ಕುಡಿಯಿರಿ.

ಇನ್ನೊಂದು ಮುಖ್ಯ ವಿಷಯ. ನಮ್ಮ ಕೋಲಾರ ಜಿಲ್ಲೆಯ ಅನೇಕ ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಣ್ಣಿನ ಫಿಲ್ಟರ್ ಇದನ್ನು ತಡೆಯುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನಲ್ಲಿ ಕಲೆ, ದೊಡ್ಡವರಲ್ಲಿ ಮೂಳೆ-ಕೀಲುಗಳ ನೋವು ಕಾಣಿಸಿಕೊಳ್ಳಬಹುದು. ಆದ್ದರಿಂದ ಬಂಗಾರಪೇಟೆಯಿರಲಿ, ಕೆ.ಜಿ.ಎಫ್. ಇರಲಿ, ಕೊಳವೆ ಬಾವಿಯ ನೀರನ್ನು ಮೊದಲು ಪರೀಕ್ಷೆ ಮಾಡಿಸಿ. ಫ್ಲೋರೈಡ್ ಮಿತಿ ಮೀರಿದ್ದರೆ ಕುಡಿಯಲು ಮಾತ್ರವಲ್ಲ, ಅಡುಗೆಗೂ ಆ ನೀರು ಬೇಡ.

ಮಳೆ ನೀರಿನಲ್ಲಿ ಫ್ಲೋರೈಡ್ ಅತ್ಯಲ್ಪ; ಆದರೆ ಛಾವಣಿಯ ಧೂಳು, ಹಕ್ಕಿ ಹಿಕ್ಕೆಯಿಂದ ರೋಗಾಣು ಸೇರಬಹುದು. ಮೊದಲ ಮಳೆಯ ನೀರನ್ನು ಹೊರಬಿಟ್ಟು, ನಂತರದ್ದನ್ನು ಮುಚ್ಚಿದ ತೊಟ್ಟಿಯಲ್ಲಿ ಹಿಡಿದಿಟ್ಟು, ಮಣ್ಣಿನ ಫಿಲ್ಟರಿನಲ್ಲಿ ಸೋಸಿ ಬಳಸಿ. ನಮ್ಮ ಸೀಮೆಗೆ ಈ ಎರಡೂ ಜೊತೆಯಾಗಿರುವುದೇ ಒಳ್ಳೆಯದು.

ಎಲ್ಲರೂ ಬೇಗ ಗುಣಮುಖರಾಗಿ ಮನೆಗೆ ತೆರಳಿ.